ಹಸಿರು ಲೈನಿನಲ್ಲೇ ಉಳಿದ ಅತ್ತೆ

ರೈಲಿನ ಕಿಟಕಿಯ ಗಾಜಿನಲ್ಲಿ ಕಾಣುತ್ತಿದ್ದ ಅತ್ತೆಯ ಮುಖ ಇವತ್ತು ಯಾಕೋ ಬೇರೆಯಾಗಿತ್ತು. ಏನು ಬೇರೆ ಎಂದು ಸೊಸೆಗೆ ಹೊಳೆಯಲಿಲ್ಲ. ಹೊಳೆಯಬೇಕಾದರೆ ಕತ್ತು ಹೊರಳಿಸಿ ನೇರವಾಗಿ ನೋಡಬೇಕಿತ್ತು. ಅತ್ತೆ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ನೋಡುವುದೇನು ಗುಡ್ಡ ಅಗೆಯುವ ಕೆಲಸವಲ್ಲ. ಆದರೆ ಅತ್ತೆಗೆ ಮುಖ ಕೊಟ್ಟು ಮಾತಾಡುವುದನ್ನು ಅವಳು ಬಿಟ್ಟು ಎಷ್ಟೋ ದಿನವಾಗಿತ್ತು. ಊರಿನಲ್ಲಿ ತಟ್ಟೆಯ ಕಡೆ ನೋಡಿ ಮಾತಾಡುತ್ತಿದ್ದಳು, ಚಪ್ಪಲಿಯ ಕಡೆ ನೋಡಿ ಮಾತಾಡುತ್ತಿದ್ದಳು. ಈ ಪರದೇಶಕ್ಕೆ ಬಂದ ಮೇಲೆ ಕೈಯಲ್ಲಿ ಹಿಡಿದ ರೈಲಿನ ನಕಾಶೆಯ ಕಡೆ ನೋಡಿ. ಹಾಗಾಗಿ ಗಾಜಿನಲ್ಲೇ ನೋಡಿದಳು. ಅತ್ತೆಯ ಉಣ್ಣೆಯ ಸ್ಕಾರ್ಫು ಚಳಿಗೆ ಮೂಗಿನವರೆಗೆ ಏರಿತ್ತು. ಅದರ ಮೇಲೆ ಕೆನ್ನೆಗಳು ತುಂಬಿಕೊಂಡಂತೆ ಕಂಡವು. ಆ ಕೆನ್ನೆಗಳ ಮೇಲಿಂದ ಹೊರಗಿನ ಮನೆಗಳ ಮಾಡುಗಳು, ಒಣಹಾಕಿದ ಬಟ್ಟೆಗಳು, ಯಾವುದೋ ಶಾಲೆಯ ಖಾಲಿ ಮೈದಾನ, ಒಂದಾದ ಮೇಲೊಂದು ಸದ್ದಿಲ್ಲದೆ ಹಾದುಹೋದವು. ರೈಲು ಓಡುತ್ತಿದೆಯೋ ಊರೇ ಹಿಂದಕ್ಕೆ ಜಾರುತ್ತಿದೆಯೋ ತಿಳಿಯದಂಥ ನಯವಾದ ಓಟ. ರಜೆಯ ಬೆಳಿಗ್ಗೆ, ಬೋಗಿಯ ತುಂಬ ಜನ ಕೂತಲ್ಲೇ ನಿದ್ದೆ ಮಾಡುತ್ತಿದ್ದರು. ಎಲ್ಲರೂ ಸೇರಿ ಒಂದೇ ಕನಸು ಕಾಣುತ್ತಿದ್ದಾರೆ, ಆ ಕನಸಿನಲ್ಲಿ ತಾವಿಬ್ಬರೂ ಇದ್ದೇವೆ, ಅವರು ಎಚ್ಚರಾದರೆ ತಾವು ಇರುವುದಿಲ್ಲ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಹಾಗಾದರೆ ಏನನ್ನೂ ಹೇಳಬೇಕಾಗಿಲ್ಲವಲ್ಲ ಎಂದೂ ಅನ್ನಿಸಿತು.

ಹೇಳಬೇಕಾದದ್ದು ಇಷ್ಟೆ: ತಾನು ಮತ್ತೆ ಮದುವೆಯಾಗುತ್ತಿದ್ದೇನೆ. ಇವತ್ತು ಊಟಕ್ಕೆ ಹೋಗುತ್ತಿರುವುದು ಅವನ ಮನೆಗೇ. ಅತ್ತೆಗೆ ಗೊತ್ತಿದ್ದದ್ದು ಅರ್ಧ. ಅವಳು ಕೆಲಸ ಮಾಡುವ ಹಲ್ಲಿನ ಲ್ಯಾಬಿಗೆ, ಪಿಂಗಾಣಿ ಹಲ್ಲು ಸುಡುವ ಹೊಸ ಕುಲುಮೆ ಬಂದಾಗ, ಅದನ್ನು ನಡೆಸುವುದು ಹೇಗೆಂದು ಕಲಿಸಲು ಈ ದೇಶದ ಕಂಪನಿ ನಮ್ಮ ಕಡೆಯವನೇ ಆದ ಒಬ್ಬನನ್ನು ಕಳಿಸಿತ್ತು. ಅತ್ತೆ ಅವನಿಗೆ ಒಲೆ ಮೇಷ್ಟ್ರು ಎಂದು ಹೆಸರಿಟ್ಟರು. "ಒಲೆ ಹಚ್ಚೋದು ಕಲಿಸೋಕೆ ಅಷ್ಟು ದೂರದಿಂದ ಬರಬೇಕಾ? ನನ್ನ ಕೇಳಿದ್ರೆ ನಾನೇ ಹೇಳಿಕೊಡ್ತಿದ್ದೆ" ಅಂದಿದ್ದರು. ಅವನು ಕಲಿಸಿ ಹೋದ. ಹೋದ ಮೇಲೂ ಫೋನು ಮಾಡುತ್ತಿದ್ದ. ಬರುವ ವರ್ಷ ಊರಿಗೇ ಹಿಂತಿರುಗಿ ಸ್ವಂತ ಲ್ಯಾಬು ತೆರೆಯುತ್ತೇನೆ, ನೀನೂ ಜೊತೆಗಿರುತ್ತೀಯಾ ಎಂದು ಕೇಳಿದ. ಯಾವ ಅರ್ಥದಲ್ಲಿ ಕೇಳಿದ ಎಂದು ಗೊತ್ತಿದ್ದೇ ಅವಳು ಹೂಂ ಅಂದಳು. ಈಗ ಲ್ಯಾಬಿನವರು ಅವಳನ್ನೇ ಇಲ್ಲಿಗೆ ಒಂದು ವಾರದ ತರಬೇತಿಗೆ ಕಳಿಸಿದ್ದರು. "ಒಬ್ಬಳನ್ನೇ ಹೇಗೆ ಕಳಿಸೋದು?" ಎಂದು ಅತ್ತೆ ಅವಳಿಗಿಂತ ಮೊದಲೇ ತಮ್ಮ ಬ್ಯಾಗು ಕಟ್ಟಿಟ್ಟುಕೊಂಡಿದ್ದರು. ನಿನ್ನೆ ಸಂಜೆ ಒಲೆ ಮೇಷ್ಟ್ರು ಹೇಳಿದ್ದ: "ಊಟಕ್ಕೆ ಬರೋದ್ರೊಳಗೆ ಅವರಿಗೆ ಹೇಳಿಬಿಡು. ಎದುರಿಗೆ ಕೂರಿಸ್ಕೊಂಡು ನಾಟಕ ಆಡೋಕೆ ನನ್ನಿಂದಾಗಲ್ಲ." ಸರಿಯಾದ ಮಾತು. ಆಮೇಲೆ ತುಸು ತಡೆದು ಇನ್ನೊಂದು ಕೇಳಿದ್ದ: "ಮದುವೆ ಆದ್ಮೇಲೆ ಅತ್ತೆಯವರು ಎಲ್ಲಿರ್ತಾರೆ?" ಅವಳು ಥಟ್ಟನೆ, ಅವನ ಮಾತು ಮುಗಿಯುವ ಮೊದಲೇ, "ಅವರ ಮಗಳ ಮನೇಲಿ" ಅಂದುಬಿಟ್ಟಳು. ಅಷ್ಟು ಬೇಗ ಬಂದ ಆ ಉತ್ತರ ರಾತ್ರಿಯಿಡೀ ಅವಳ ಎದೆಯ ಮೇಲೆ ಕೂತಿತ್ತು. ಯೋಚಿಸಿ ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಯಾವತ್ತೋ ಯೋಚಿಸಿ ಮುಗಿಸಿ, ಒಳಗೆ ತೊಳೆದು ಒರೆಸಿ ಜೋಡಿಸಿಟ್ಟುಕೊಂಡಿದ್ದಳಲ್ಲ, ಅದಕ್ಕೆ ನಾಚಿಕೆ.

"ಏನೇ, ಮಂಕಾಗಿದೀಯ?" ಅತ್ತೆ ಸ್ಕಾರ್ಫಿನೊಳಗಿಂದಲೇ ಕೇಳಿದರು.

"ಇಲ್ಲಪ್ಪ, ಏನಿಲ್ಲ! ನನಗೇನಾಗಿದೆ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎದುರಿಗೆ ನಿದ್ದೆ ಮಾಡುತ್ತಿದ್ದ ಮುದುಕನೊಬ್ಬ ಅವಳ ದನಿಗೆ ಕಣ್ಣು ತೆರೆದು, ಮತ್ತೆ ಮುಚ್ಚಿಕೊಂಡ. "ಮುಂದಿನದ್ರಲ್ಲಿ ಇಳೀಬೇಕು. ಈ ಹಸಿರು ಲೈನು ಅಲ್ಲಿಗೆ ಮುಗಿಯುತ್ತೆ. ಅಲ್ಲಿಂದ ನೀಲಿ ಲೈನು, ಅದು ಬೇರೆ ಕಂಪನಿದು. ಈ ಗೇಟಿಂದ ಹೊರಗೆ ಬಂದು ಆ ಗೇಟಲ್ಲಿ ಒಳಗೆ ಹೋಗಬೇಕು. ಕಾರ್ಡು ಮಾತ್ರ ಎರಡಕ್ಕೂ ಒಂದೇ."

"ಪಾಲಾದ ಅಣ್ಣತಮ್ಮಂದಿರ ಹಾಗೆ ಅನ್ನು. ಮನೆ ಒಂದೇ, ಬಾಗಿಲು ಎರಡು."

ಅವಳು ನಕ್ಕಳು, ನಕಾಶೆಯ ಕಡೆ ನೋಡಿ. ನಕಾಶೆಯಲ್ಲಿ ಹಸಿರು ಗೆರೆ ಬಂದು ಒಂದು ಬಿಳಿಯ ಚುಕ್ಕೆಗೆ ಮುಟ್ಟುತ್ತಿತ್ತು, ನೀಲಿ ಗೆರೆ ಅಲ್ಲಿಂದಲೇ ಹೊರಡುತ್ತಿತ್ತು. ಕಾಗದದ ಮೇಲೆ ಎಷ್ಟು ಸಲೀಸು. ಅತ್ತೆ ಏಳಲು ಅವಳ ಮಣಿಕಟ್ಟು ಹಿಡಿದುಕೊಂಡರು. ಅತ್ತೆ ಕೈ ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತಾರೆ, ನಾಡಿ ನೋಡುವವರ ಹಾಗೆ ಎರಡು ಬೆರಳು ಒಳಗಡೆಗೆ ಒತ್ತಿ. ಅವಳ ಗಂಡನನ್ನು ಸೇರಿಸಿದ್ದ ಆಸ್ಪತ್ರೆಯ ಆ ಉದ್ದನೆಯ ಓಣಿಯಲ್ಲಿ, ಡಾಕ್ಟರು ಹೊರಗೆ ಬಂದು ತಲೆಯಾಡಿಸಿ ಹೋದ ಮೇಲೆ, ಹಾಗೆ ಹಿಡಿದವರು ಇವತ್ತಿನವರೆಗೆ ಬಿಟ್ಟಿಲ್ಲ. ರಸ್ತೆ ದಾಟುವಾಗ ಹಿಡಿಯುತ್ತಾರೆ, ಮೆಟ್ಟಿಲಿಳಿಯುವಾಗ ಹಿಡಿಯುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ಹಿಡಿಯುತ್ತಾರೆ. ಯಾರು ಯಾರನ್ನು ದಾಟಿಸುತ್ತಿದ್ದಾರೆ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ, ಅವಳಿಗೂ ತಿಳಿಯುತ್ತಿರಲಿಲ್ಲ. ಮಗ ಹೋದ ಮೇಲೆ ಅತ್ತೆಗೆ ಇದ್ದಬದ್ದ ಹಲ್ಲೆಲ್ಲ ಸಡಿಲಾಗಿ ಬಿದ್ದುಹೋದವು. ದುಃಖಕ್ಕೆ ಹಲ್ಲು ಬೀಳುತ್ತದೆಂದು ಅವಳ ಕಸುಬಿನ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಬಿದ್ದವು. ಅವಳೇ ಹಲ್ಲು ಕಟ್ಟಿಕೊಟ್ಟಳು. ಮೇಣದ ಪಟ್ಟಿಯನ್ನು ಬಾಯೊಳಗಿಟ್ಟು, ಕಚ್ಚಿ ಅತ್ತೆ, ಇನ್ನೂ ಜೋರಾಗಿ ಕಚ್ಚಿ, ಎಂದು ಅಳತೆ ತೆಗೆದಳು. "ತೀರಾ ಬೆಳ್ಳಗೆ ಬೇಡ ಕಣೇ, ಮುದುಕಿ ಹಲ್ಲು ಮುದುಕಿ ಹಲ್ಲಿನ ಹಾಗೇ ಇರಲಿ" ಅಂದರು ಅತ್ತೆ. ಇನ್ನೂ ಒಂದು ಕೇಳಿದರು: ಮೇಲಿನ ಮುಂದಿನ ಎರಡರಲ್ಲಿ ಒಂದು ಮೊದಲಿನ ಹಾಗೇ ಪಕ್ಕದ್ದರ ಮೇಲೆ ಚೂರು ಹತ್ತಿ ಕೂತಿರಬೇಕು. ಅವಳು ಹಾಗೇ ಮಾಡಿದಳು. ಹಾಕಿ ನೋಡಿ ಅತ್ತೆ ಕನ್ನಡಿಯ ಮುಂದೆ ನಕ್ಕಾಗ, ಲ್ಯಾಬಿನ ಬಿಳಿಯ ಬೆಳಕಿನಲ್ಲಿ, ಅವಳ ಗಂಡ ನಕ್ಕಿದ್ದ. ಅವನಿಗೂ ಅದೇ ಹಲ್ಲು, ಅದೇ ಜಾಗದಲ್ಲಿ, ಅಷ್ಟೇ ಹತ್ತಿ ಕೂತಿತ್ತು. ಅವಳು ಪ್ಲಾಸ್ಟರಿನ ಬಕೆಟ್ಟು ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಆ ಸೆಟ್ಟು ಎಡಗಡೆ ಚುಚ್ಚುತ್ತಿತ್ತು. ಅತ್ತೆ ಒಂದೆರಡು ಸಲ ಹೇಳಿದರು. ಅಂಗೈಯಲ್ಲಿಟ್ಟುಕೊಂಡು ಒಂದಿಷ್ಟು ಉಜ್ಜಿದರೆ ಮುಗಿಯುವ ಕೆಲಸ. ದಿನಾ ಹತ್ತು ಮಂದಿ ಗುರುತಿಲ್ಲದವರಿಗೆ ಮಾಡಿಕೊಡುತ್ತಿದ್ದ ಕೆಲಸ. ನಾಳೆ ಮಾಡ್ತೀನಿ ಅತ್ತೆ, ಅನ್ನುತ್ತಿದ್ದಳು. ನಾಳೆಗಳು ಸಾಲುಗಟ್ಟಿದವು. ಅತ್ತೆ ಹೇಳುವುದನ್ನು ಬಿಟ್ಟರು, ಹಲ್ಲುಗಳು ನೀರಿನ ಡಬ್ಬಿ ಸೇರಿದವು, ನೆಂಟರಿಷ್ಟರು ಬಂದಾಗ, ಯಾರಾದರೂ ಫೋಟೋ ತೆಗೆಯುವಾಗ ಮಾತ್ರ ಹೊರಗೆ ಬಂದವು. ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು. ಊಟಕ್ಕೆ ಕೂತಾಗ ಅತ್ತೆ ವಸಡಿನಲ್ಲೇ ಅನ್ನ ನುರಿಯುವುದನ್ನು ಕೇಳುತ್ತ ತಟ್ಟೆಯ ಕಡೆ ನೋಡುವುದು ಆವಾಗಿನಿಂದಲೇ ಶುರುವಾಗಿರಬೇಕು. "ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅಂತಾರೆ. ನನಗೆ ಎರಡೂ ಇದೆ, ಡಬ್ಬೀಲಿ!" ಎಂದು ಅತ್ತೆ ಬೊಚ್ಚುಬಾಯಲ್ಲಿ ನಗುತ್ತಿದ್ದರು. ಇವತ್ತು ಬೆಳಿಗ್ಗೆಯೂ ಹೋಟೆಲಿನ ಬಚ್ಚಲಲ್ಲಿ ಆ ಡಬ್ಬಿ ಮುಚ್ಚಳ ಹಾಕಿಕೊಂಡು ಕೂತದ್ದನ್ನು ಅವಳು ನೋಡಿ, ಬೇಗ ಕಣ್ಣು ತೆಗೆದಿದ್ದಳು.

ಬಾಗಿಲು ತೆರೆಯುವ ಮುನ್ನ ರೈಲು ಮಕ್ಕಳ ಆಟಿಕೆಯಂಥ ಒಂದು ಪುಟ್ಟ ರಾಗ ನುಡಿಸಿತು. ನಿದ್ದೆಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಜನದ ಹರಿವು ಇಬ್ಬರನ್ನೂ ಎತ್ತಿಕೊಂಡು ಹಸಿರು ಗೇಟುಗಳ ಕಡೆ ಸಾಗಿತು. ಗೇಟು ಅಂದರೆ ಸೊಂಟದೆತ್ತರದ ಎರಡು ರೆಕ್ಕೆ. ಕಾರ್ಡು ಮುಟ್ಟಿಸಿದರೆ ಬಿಚ್ಚಿಕೊಳ್ಳುತ್ತವೆ, ಒಬ್ಬರು ದಾಟಿದ ಮೇಲೆ ಮುಚ್ಚಿಕೊಳ್ಳುತ್ತವೆ. ಅತ್ತೆಯ ಕಾರ್ಡು ದಾರದಲ್ಲಿ ಕೊರಳಿಗೆ ತೂಗುಬಿದ್ದು ಸ್ವೆಟರಿನೊಳಗೆಲ್ಲೋ ಇತ್ತು. ಒಂದು ಕೈ ಸೊಸೆಯ ಮಣಿಕಟ್ಟಿನ ಮೇಲೆ, ಇನ್ನೊಂದು ಸ್ವೆಟರಿನೊಳಗೆ ತಡಕಾಡುತ್ತ. ಹಿಂದಿನಿಂದ ಜನ ಒತ್ತುತ್ತಿದ್ದರು. ಅವಳು ತನ್ನ ಕಾರ್ಡು ಮುಟ್ಟಿಸಿದಳು, ರೆಕ್ಕೆ ಬಿಚ್ಚಿತು, ಮಣಿಕಟ್ಟು ಹಿಡಿದ ಅತ್ತೆ ಅವಳ ಬೆನ್ನಿಗಂಟಿಕೊಂಡೇ ಆಚೆ ಬಂದರು. ಗೇಟು ಒಮ್ಮೆ ಕೊಸರಾಡಿದಂತೆ ಟುಂಯ್ ಅಂದು ಸುಮ್ಮನಾಯಿತು. ರಸ್ತೆ ದಾಟಿದಷ್ಟೇ ಸಹಜವಾಗಿತ್ತು, ಇಬ್ಬರಿಗೂ ಏನೂ ಅನ್ನಿಸಲಿಲ್ಲ.

ಎರಡು ಕಂಪನಿಗಳ ಗೇಟುಗಳ ನಡುವೆ ದೊಡ್ಡದೊಂದು ಹಜಾರವಿತ್ತು. ಗಾಜಿನ ಮಾಡಿನಿಂದ ಬೆಳಕು ಸೋಸಿ ಬರುತ್ತಿತ್ತು. ನೆಲ ಹಸಿರೂ ಅಲ್ಲ ನೀಲಿಯೂ ಅಲ್ಲ, ಹಾಲಿನ ಕೆನೆಯ ಬಣ್ಣ. ಛತ್ರಿ ಮಾರುವ ಅಂಗಡಿ, ಹೂ ಮಾರುವ ಅಂಗಡಿ, ಯಾರಿಗೋ ಕಾಯುತ್ತ ನಿಂತ ಜನ. ಇಷ್ಟು ಮಂದಿ ನಡೆಯುತ್ತಿದ್ದರೂ ಹೆಜ್ಜೆ ಸಪ್ಪಳ ದೂರದಲ್ಲೆಲ್ಲೋ ಕೇಳುತ್ತಿತ್ತು. ಈ ಜಾಗ ಯಾರದು? ಹಸಿರಿನವರು ತಮ್ಮದಲ್ಲ ಅನ್ನುತ್ತಾರೆ, ನೀಲಿಯವರೂ ತಮ್ಮದಲ್ಲ ಅನ್ನುತ್ತಾರೆ. ತಾನು ಇಲ್ಲಿಗೆ ಮೊದಲೂ ಬಂದಿದ್ದೆ, ಬಂದು ಬಹಳ ಕಾಲ ಇದ್ದೆ ಎಂದು ಅವಳಿಗೆ ಅನ್ನಿಸಿತು. ಹೇಳುವುದಾದರೆ ಇಲ್ಲೇ, ಈಗಲೇ. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುತ್ತನ್ನು ಇನ್ನೆಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುವುದು?

"ಅತ್ತೆ, ಒಂದು ಮಾತು."

"ಏನೇ?"

ಹೂವಿನಂಗಡಿಯವಳು ನೀರು ಚಿಮುಕಿಸುತ್ತಿದ್ದಳು. ನೆಲದ ಮೇಲೆ ಬಿದ್ದ ಒಂದು ಎಸಳನ್ನು ನೋಡುತ್ತ ಅವಳು ಹೇಳಿದಳು: "ಈ ಸಲ ಕಾರ್ಡು ಮೊದಲೇ ತೆಗೆದಿಟ್ಕೊಳ್ಳಿ."

ಅತ್ತೆ ಕಾರ್ಡು ಹೊರಗೆಳೆದುಕೊಂಡರು. ಅದಕ್ಕಾಗಿ ಮಣಿಕಟ್ಟು ಬಿಟ್ಟರು. ನೀಲಿ ಗೇಟಿನಲ್ಲಿ ಅವಳು ಮುಂದೆ ಹೋದಳು, ದಾಟಿದಳು. ಹಿಂದೆ ಟುಂಯ್ ಟುಂಯ್ ಎಂದು ಗೇಟು ಬಾಯಿ ಬಡಿದುಕೊಳ್ಳತೊಡಗಿತು. ತಿರುಗಿ ನೋಡಿದರೆ ಕೆಂಪು ದೀಪ, ಮುಚ್ಚಿದ ರೆಕ್ಕೆಗಳು, ಅವುಗಳ ಆಚೆ ಅತ್ತೆ. ಅತ್ತೆ ಮತ್ತೆ ಕಾರ್ಡು ಮುಟ್ಟಿಸಿದರು. ಗೇಟು ಮತ್ತೆ ಬಯ್ದಿತು. ಹಿಂದಿದ್ದವರು ಒಂದು ಮಾತೂ ಆಡದೆ, ಮುಖವನ್ನೂ ಸಿಂಡರಿಸದೆ, ಪಕ್ಕದ ಗೇಟಿಗೆ ಸರಿದುಹೋದರು, ಬಯ್ದಿದ್ದರೆ ವಾಸಿಯಿತ್ತು. ನೀಲಿ ಟೋಪಿಯವನೊಬ್ಬ ಓಡಿಬಂದು, ಬಗ್ಗಿ, ಎರಡೂ ಕೈಯಲ್ಲಿ ಅತ್ತೆಯ ಕಾರ್ಡು ಇಸಿದುಕೊಂಡು ತನ್ನ ಯಂತ್ರದ ಮೇಲಿಟ್ಟ. ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಭಾಷೆ ಬಾರದಿದ್ದರೂ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹಸಿರು ಲೈನಿಗೆ ಹತ್ತಿದ ಗುರುತಿತ್ತು, ಇಳಿದ ಗುರುತಿನ ಜಾಗ ಖಾಲಿ. ಯಂತ್ರದ ಲೆಕ್ಕದಲ್ಲಿ ಅವಳು ಹಸಿರಿನಿಂದ ಹೊರಬಿದ್ದು ನೀಲಿಗೆ ಸೇರಿಯಾಗಿತ್ತು. ಅತ್ತೆ ಮಾತ್ರ ಇನ್ನೂ ಹಸಿರು ರೈಲಿನಲ್ಲೇ ಕೂತಿದ್ದರು, ಕಿಟಕಿಯ ಪಕ್ಕ, ಬಹುಶಃ ಒಬ್ಬರೇ. ಅದನ್ನು ಸರಿಪಡಿಸುವ ಅಧಿಕಾರ ತನಗಿಲ್ಲ, ಹಸಿರಿನವರೇ ಮಾಡಬೇಕು ಎಂದು ನೀಲಿ ಟೋಪಿಯವನು ಸನ್ನೆಯಲ್ಲೇ ಹಜಾರದ ಆ ತುದಿಯ ಕಿಟಕಿಯೊಂದನ್ನು ತೋರಿಸಿದ.

"ನಾನು ಹೊರಗೆ ಬರ್ತೀನಿ ತಡೀರಿ. ನಾನು ಒಳಗೆ ಬಂದದ್ದನ್ನ ಇವರು ರದ್ದು ಮಾಡಬೇಕು ಅಂತ ಕಾಣುತ್ತೆ."

"ಬೇಡ. ನೀನು ಒಳಗೆ ಹೋಗಿಯಾಯ್ತಲ್ಲ, ಅಲ್ಲೇ ಇರು. ನಾನೇ ಹೋಗಿ ಬರ್ತೀನಿ."

"ನಮಗೆ ಅವರ ಭಾಷೆ ಬರಲ್ಲ ಅತ್ತೆ."

"ಅವರಿಗೂ ನನ್ನ ಭಾಷೆ ಬರಲ್ಲವಲ್ಲ. ಸಮಾ ಆಯ್ತು."

ಅತ್ತೆ ಹೊರಟರು. ಕೊರಳಿನ ದಾರ ಹಿಡಿದುಕೊಂಡು, ಕೆನೆಬಣ್ಣದ ನೆಲದ ಮೇಲೆ, ಯಾರ ಮಣಿಕಟ್ಟೂ ಇಲ್ಲದೆ. ಅವಳು ರೆಕ್ಕೆಯ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. ಆಗ ಒಂದು ವಿಚಿತ್ರ ನಡೆಯಿತು. ಅತ್ತೆ ಹಿಡಿದಿದ್ದ ಜಾಗದಲ್ಲಿ ತಣ್ಣನೆಯ ಗಾಳಿ ತಾಗಿ, ಕೈ ಹಗುರವಾಯಿತು. ಕೈಯಿಂದ ಭುಜಕ್ಕೆ, ಭುಜದಿಂದ ಇಡೀ ಮೈಗೆ ಆ ಹಗುರ ಏರಿತು. ಗೇಟು ಹೀಗೇ ಮುಚ್ಚಿಕೊಂಡಿರಲಿ ಅನ್ನಿಸಿತು. ಕೆಟ್ಟದ್ದೇನೂ ಆಗದಿರಲಿ, ಅತ್ತೆಗೆ ಕೂರಲು ಒಳ್ಳೆಯ ಜಾಗ ಸಿಗಲಿ, ಯಾರಾದರೂ ಕುಡಿಯಲು ಬಿಸಿ ಏನಾದರೂ ಕೊಡಲಿ, ಆದರೆ ಗೇಟು ಮಾತ್ರ ತೆರೆಯದಿರಲಿ. ಕೆಳಗೆಲ್ಲೋ ನೀಲಿ ರೈಲು ಬಂದು ನಿಂತ ಸದ್ದು. ಹತ್ತಿದರೆ ಆಯಿತು, ಯಾರಿಗೂ ಏನನ್ನೂ ಹೇಳದೆ. ಫೋನು ಕಂಪಿಸಿತು. ಒಲೆ ಮೇಷ್ಟ್ರು ಬರೆದಿದ್ದ: ಹೇಳಿದ್ಯಾ? ತಲೆಯೆತ್ತಿದರೆ ಹಜಾರದಲ್ಲಿ ಅತ್ತೆ ಇರಲಿಲ್ಲ.

ಹಸಿರು ಕಿಟಕಿಯ ಮುಂದೆ ಇರಲಿಲ್ಲ. ಹೂವಿನಂಗಡಿಯ ಹತ್ತಿರ ಇರಲಿಲ್ಲ. ಛತ್ರಿಗಳ ಹಿಂದೆ ಬೂದುಬಣ್ಣದ ತಲೆಯೊಂದು ಕಂಡಿತು, ಬೇರೆ ಯಾರದೋ. ಒಂದು ಗುಂಪು ಬಂದು ಹೋಯಿತು, ಇನ್ನೊಂದು ಬಂತು. ನಾನು ಕೇಳಿಕೊಂಡದ್ದು ಇಷ್ಟು ಬೇಗ ನಡೆದುಬಿಡುತ್ತದೆಯೇ ಎಂದು ಅವಳು ಗೇಟಿನ ರೆಕ್ಕೆಯನ್ನು ತಳ್ಳಿ ನೋಡಿದಳು. ನೀಲಿ ಟೋಪಿಯವನ ಮುಂದೆ ತನ್ನ ಭಾಷೆಯಲ್ಲೇ, "ಬಿಡಪ್ಪ, ನನ್ನನ್ನ ಹೊರಗೆ ಬಿಡು, ನಮ್ಮತ್ತೆ ಕಾಣ್ತಿಲ್ಲ" ಎಂದು ಬೇಡಿದಳು. ಅವನಿಗೆ ಏನು ಅರ್ಥವಾಯಿತೋ, ಒಂದು ಗುಂಡಿಗೆ ಕೈ ಹಾಕಿದ. ಅಷ್ಟರಲ್ಲಿ ಗುಂಪು ಬಿರಿದು ಅತ್ತೆ ಬಂದರು. ಜೊತೆಗೆ ಹಸಿರು ಟೋಪಿಯ ಹೆಂಗಸೊಬ್ಬಳು. ಇಬ್ಬರೂ ಯಾವುದೋ ಮಾತಿಗೆ ನಗುತ್ತಿದ್ದರು, ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದರೂ. ಹಸಿರಿನವಳು ಗೇಟಿನವರೆಗೆ ತಲುಪಿಸಿ, ಒಂದೊಂದೇ ಬೆರಳೆತ್ತಿ ತೋರಿಸಿ, ಒಬ್ಬರು, ಆಮೇಲೆ ಒಬ್ಬರು, ಎಂದು ತಿಳಿಹೇಳಿ ಹೋದಳು.

"ಹೆದರಿದ್ಯಾ?" ಗೇಟಿನ ಆಚೆ ನಿಂತು ಅತ್ತೆ ಕೇಳಿದರು. ಮಾತಾಡಿ ಮಾತಾಡಿ ಸ್ಕಾರ್ಫು ಗಲ್ಲದ ಕೆಳಗೆ ಜಾರಿತ್ತು. ಅವಳು ಬಹಳ ದಿನಗಳ ಮೇಲೆ ಆ ಮುಖವನ್ನು ನೇರವಾಗಿ ನೋಡಿದಳು. ತುಂಬಿದ ಕೆನ್ನೆ. ಪಕ್ಕದ್ದರ ಮೇಲೆ ಚೂರು ಹತ್ತಿ ಕೂತ ಹಲ್ಲು.

"ಅತ್ತೆ, ಹಲ್ಲು ಹಾಕ್ಕೊಂಡಿದೀರಾ?"

"ಮತ್ತೆ? ಗಂಡು ನೋಡೋಕೆ ಯಾರಾದ್ರೂ ಬೊಚ್ಚುಬಾಯಲ್ಲಿ ಹೋಗ್ತಾರಾ?"

ಅತ್ತೆ ಕಾರ್ಡನ್ನು ಸ್ವೆಟರಿಗೆ ಒರೆಸುತ್ತ, ಅವಳ ಕಡೆ ನೋಡದೆ ಅಂದರು: "ಒಲೆ ಕಲಿಸೋಕೆ ಬಂದೋನು ವಾರಕ್ಕೆ ಮೂರು ಸಲ ಫೋನ್ ಮಾಡ್ತಾನೆ. ಒಲೆ ಅಷ್ಟೊಂದು ಕೆಡುತ್ತಾ? ನಾನೇನು ಕಿವಿ ಕೂಡ ಡಬ್ಬೀಲಿ ಇಟ್ಟಿದೀನಾ?"

"ಹೇಳಬೇಕು ಅಂತಿದ್ದೆ ಅತ್ತೆ. ದಿನಾ ಅಂತಿದ್ದೆ." ಇಷ್ಟಾದ ಮೇಲೆ ಮಿಕ್ಕದ್ದನ್ನು ಉಳಿಸಿಕೊಂಡು ಏನು ಮಾಡುವುದು? "ಅವರು ಕೇಳಿದ್ರು, ಆಮೇಲೆ ಅತ್ತೆ ಎಲ್ಲಿರ್ತಾರೆ ಅಂತ. ನಾನು ನಿಮ್ಮ ಮಗಳ ಮನೇಲಿ ಅಂದುಬಿಟ್ಟೆ. ನಿಮ್ಮನ್ನ ಒಂದು ಮಾತೂ ಕೇಳ್ದೆ."

ಅತ್ತೆ ಕಾರ್ಡು ಒರೆಸುವುದನ್ನು ನಿಲ್ಲಿಸಿದರು. ಮುಖದಲ್ಲಿ ಏನೋ ಬಂದು ಹೋಯಿತು. ನೋವಾಯಿತು, ಅದನ್ನು ಮುಚ್ಚಿಡುವುದಕ್ಕೂ ಹೋಗಲಿಲ್ಲ. ಪಕ್ಕದ ಗೇಟುಗಳಲ್ಲಿ ಜನ ಹಾದುಹೋಗುತ್ತಲೇ ಇದ್ದರು.

"ಮಗಳ ಮನೆ ಮಗಳ ಮನೆಯೇ. ಬೇಡ ಅನ್ನಲ್ಲ. ಆದ್ರೆ ಅಲ್ಲಿ ನನ್ನ ಹಲ್ಲು ಯಾರು ನೋಡ್ತಾರೆ?" ಅಂದರು ಅತ್ತೆ. ತಮಾಷೆಗೆ ಅಂದದ್ದೇ, ಆದರೆ ಕೊನೆಗೆ ದನಿ ಒಡೆಯಿತು. ಒಡೆದ ದನಿಯನ್ನು ಕೆಮ್ಮಿನಲ್ಲಿ ಮುಚ್ಚಿ ಕಾರ್ಡು ಮುಟ್ಟಿಸಿದರು. ಈ ಸಲ ಗೇಟು ಗಲಾಟೆ ಮಾಡದೆ ತೆರೆದುಕೊಂಡಿತು. ಅತ್ತೆ ಒಬ್ಬರೇ ದಾಟಿ ಬಂದರು, ಬಂದು ಎರಡೂ ಕೈ ಸ್ವೆಟರಿನೊಳಗೆ ಇಟ್ಟುಕೊಂಡು ನಿಂತರು. ಅವಳೇ ಕೈ ಹಾಕಿ ಅತ್ತೆಯ ಮಣಿಕಟ್ಟು ಹಿಡಿದುಕೊಂಡಳು. ಎಷ್ಟು ಸಣ್ಣ ಮಣಿಕಟ್ಟು ಎಂದು ಅವಳಿಗೆ ಗೊತ್ತಿರಲಿಲ್ಲ.

"ಅಲ್ಲಿಗೆ ಬೇಡ" ಅಂದಳು. "ನೀವು ನನ್ನ ಜೊತೆಗೇ ಇರ್ತೀರಿ ಅಂತ ಅವರಿಗೆ ಹೇಳ್ತೀನಿ. ಊಟಕ್ಕೆ ಕೂರೋ ಮೊದಲೇ ಹೇಳ್ತೀನಿ."

ನೀಲಿ ರೈಲು ಹಸಿರಿಗಿಂತ ಹಳೆಯದು, ತುಸು ಕುಲುಕುತ್ತಿತ್ತು. ಇಲ್ಲಿಯೂ ಜನ ಕೂತಲ್ಲೇ ತೂಕಡಿಸುತ್ತಿದ್ದರು. ಮೂಲೆಯ ಸೀಟು ಸಿಕ್ಕಿತು. "ಮೇಲಿನ ಸೆಟ್ಟು ತೆಗೆದುಕೊಡಿ" ಅಂದಳು ಅವಳು. ಅತ್ತೆ ಆಚೀಚೆ ನೋಡಿ, ಸ್ಕಾರ್ಫು ಅಡ್ಡ ಹಿಡಿದು, ಕರವಸ್ತ್ರದಲ್ಲಿ ಸುತ್ತಿ ಅವಳ ಅಂಗೈಗಿಟ್ಟರು. ಇನ್ನೂ ಬೆಚ್ಚಗಿತ್ತು. ಅವಳು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎಡಗಡೆಯ ಅಂಚನ್ನು ಸವರುತ್ತ ಹೋದಳು. ಚುಚ್ಚುವ ಜಾಗ ಕೂಡಲೇ ಸಿಕ್ಕಿತು. ಚೀಲದಿಂದ ಉಗುರುಜ್ಜುವ ಚಿಕ್ಕ ಅರ ತೆಗೆದು, ನಿಧಾನಕ್ಕೆ, ಒಂದೇ ದಿಕ್ಕಿಗೆ ಉಜ್ಜತೊಡಗಿದಳು. ಗುಲಾಬಿ ಪುಡಿ ಕರವಸ್ತ್ರದ ಮೇಲೆ ಉದುರಿತು. ಕಿಟಕಿಯಲ್ಲಿ ಬೇರೆ ಮನೆಗಳು, ಬೇರೆ ಬಟ್ಟೆಗಳು.

"ಇಷ್ಟು ದಿನ ಮಾಡದೇ ಇದ್ದದ್ದು ನನ್ನ ತಪ್ಪು ಅತ್ತೆ. ಚುಚ್ಚುತ್ತೆ ಅಂತ ಗೊತ್ತಿದ್ದೂ ಸುಮ್ಮನಿದ್ದೆ."

"ಚುಚ್ಚೋದು ಅಷ್ಟೇನೂ ಇರಲಿಲ್ಲ ಕಣೇ." ಹಲ್ಲಿಲ್ಲದ ಮಾತು ಮೆತ್ತಗೆ, ಗಾಳಿ ಬೆರೆತು ಬಂತು. "ನಾನು ನಕ್ಕಾಗಲೆಲ್ಲ ನೀನು ಆ ಕಡೆ ತಿರುಗ್ತಿದ್ದೆ. ನನ್ನ ಮಗನ ಹಲ್ಲು, ನನಗೆ ಕನ್ನಡೀಲಿ ನೋಡ್ಕೊಂಡ್ರೆ ಸಮಾಧಾನ. ನಿನಗೆ ಹಾಗಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಡಬ್ಬೀಲಿ ಇಟ್ಟೆ."

ಅರ ನಿಂತಿತು. ರೈಲು ಒಂದು ಸ್ಟೇಷನ್ನಿನಲ್ಲಿ ನಿಂತು ಹೊರಟಿತು. ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಕೈಯ ತುಂಬ ಪುಡಿಯಿತ್ತು. ಮತ್ತೆ ಉಜ್ಜಿದಳು, ಹೆಬ್ಬೆರಳಿಗೆ ಎಲ್ಲೂ ಏನೂ ತಾಗದ ಹಾಗಾಗುವವರೆಗೆ. ಕೊನೆಗೆ ಬಾಟಲಿಯ ನೀರಿನಲ್ಲಿ ತೊಳೆದು ಅತ್ತೆಗೆ ಕೊಟ್ಟಳು.

"ಹಾಕ್ಕೊಳ್ಳಿ. ಕಚ್ಚಿ. ಇನ್ನೂ ಜೋರಾಗಿ ಕಚ್ಚಿ."

ಅತ್ತೆ ಕಚ್ಚಿದರು. ನಾಲಿಗೆ ಎಡಗಡೆಗೆ ಹೋಗಿ ಹುಡುಕಿ ಬಂತು. ಆಮೇಲೆ ನಕ್ಕರು. ಅವಳು ಆ ಕಡೆ ತಿರುಗಲಿಲ್ಲ. ಕೊನೆಯ ಸ್ಟೇಷನ್ನು ಬರುವವರೆಗೆ ಆ ಹಲ್ಲನ್ನೇ ನೋಡುತ್ತ ಕೂತಿದ್ದಳು.